ಕಬಿನಿ ದಂಡೆಗೆ ಮೊದಲ ಸಲ ಹೋಗುವವರಿಗೆ

ಕಾಡಿನ ಅಂಚಿನಲ್ಲಿ, ನೀರಿನ ಪಕ್ಕದಲ್ಲಿ, ಹೆಂಚಿನ ಮನೆಯೊಂದರಲ್ಲಿ ಎರಡು ದಿನ ಇದ್ದು ಬರೋಣ ಎಂದುಕೊಂಡವರು ಮೊದಲು ಕೇಳುವುದು ಹುಲಿ ಕಾಣುತ್ತದೆಯೇ ಎಂದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರಕ್ಕೆ ಹೊರಟವರು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈಗ ನೀರು ಎಷ್ಟಿದೆ? ಅಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದೆಲ್ಲ ಬಹುಪಾಲು ಇದರ ಮೇಲೆಯೇ ನಿಂತಿದೆ.

ಜಗಲಿಯಲ್ಲಿ ಕುಳಿತಾಗ ಎದುರಿಗೆ ಹರಡಿಕೊಂಡಿರುವುದನ್ನು ಎಲ್ಲರೂ ಹೊಳೆ ಎನ್ನುತ್ತಾರೆ. ನಿಜದಲ್ಲಿ ಅದು ಹಿನ್ನೀರು. ಕಬಿನಿ, ಅಂದರೆ ನಮ್ಮ ಕಪಿಲೆ, ಕೇರಳದ ವಯನಾಡಿನಲ್ಲಿ ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡಿ ಆದ ನದಿ. ಕೋಟೆ ಸೀಮೆಗೆ ಬಂದು, ನಂಜನಗೂಡನ್ನು ಮುಟ್ಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಬೀಚನಹಳ್ಳಿಯ ಬಳಿ ಇದಕ್ಕೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ‘ಕಬಿನಿ ಭರ್ತಿ, 2,284 ಅಡಿ’ ಎಂದು ಓದುತ್ತೀರಲ್ಲ, ಅದು ಕಟ್ಟೆಯ ಎತ್ತರವಲ್ಲ, ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ನೀರಿನ ಮಟ್ಟ. ತುಂಬಿದಾಗ ಜಲಾಶಯ ಹಿಡಿಯುವುದು ಸುಮಾರು 19.5 ಟಿಎಂಸಿ. ಈ ನೀರಿನ ಉತ್ತರಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ. ಎರಡು ಹುಲಿ ಕಾಡುಗಳ ನಡುವೆ ನೀವು ಕುಳಿತಿರುತ್ತೀರಿ.

ಕಾಡು ಚಂದ ಕಾಣುವುದು ಮಳೆ ಬಿದ್ದ ಮೇಲೆ. ವಯನಾಡಿನಲ್ಲಿ ಮುಂಗಾರು ಸುರಿದರೆ ಇಲ್ಲಿ ನೀರು ಮರಗಳ ಬುಡದವರೆಗೂ ಏರುತ್ತದೆ, ಎಲ್ಲೆಲ್ಲೂ ಹಸಿರು. ಆದರೆ ಆಗ ಪ್ರಾಣಿಗಳು ಕಾಣುವುದು ಕಷ್ಟ. ಕಾಡಿನೊಳಗೇ ಮೇವು, ಒಳಗೇ ನೀರು. ದಂಡೆಗೆ ಬರುವ ಅಗತ್ಯ ಅವಕ್ಕಿಲ್ಲ. ಬೇಸಿಗೆಯಲ್ಲಿ ಇದೆಲ್ಲ ತಿರುಗುಮುರುಗಾಗುತ್ತದೆ. ಕೆಳಗಿನ ನಾಲೆಗಳಿಗೆ, ಊರುಗಳ ಕುಡಿಯುವ ನೀರಿಗೆ ಬಿಡುತ್ತಾ ಬಿಡುತ್ತಾ ಜಲಾಶಯ ಇಳಿಯುತ್ತದೆ. ಮಾರ್ಚ್ ಹೊತ್ತಿಗೆ ದಂಡೆ ದೂರ ಸರಿದು, ಬಿರುಕು ಬಿಟ್ಟ ಬೂದು ನೆಲ, ಹಳೆಯ ಮರಗಳ ಒಣ ಬೊಡ್ಡೆಗಳು ಮೇಲೆದ್ದಿರುತ್ತವೆ. ಹೊಸಬರು ಇದನ್ನು ಕಂಡು ಪೆಚ್ಚಾಗುತ್ತಾರೆ. ಪೆಚ್ಚಾಗಬೇಡಿ. ನೀರು ಬಿಟ್ಟುಕೊಟ್ಟ ಆ ಮೆಕ್ಕಲು ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಅದೇ ಹೊತ್ತಿಗೆ ಒಳಗಾಡಿನ ಕೆರೆಕಟ್ಟೆಗಳು ಬತ್ತಿರುತ್ತವೆ. ಹಾಗಾಗಿ ನಾಗರಹೊಳೆ, ಬಂಡೀಪುರ, ವಯನಾಡು ಮೂರೂ ಕಡೆಯಿಂದ ಆನೆಗಳು ಇಲ್ಲಿಗೇ ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಬಹಳ ಕಡಿಮೆ.

ಬಂದ ಆನೆಗಳನ್ನು ಫೋಟೊ ತೆಗೆದು ಮುಂದೆ ಹೋಗದೆ, ಒಂದೇ ಆನೆಯನ್ನು ಹತ್ತು ನಿಮಿಷ ನೋಡಿ. ದಂಡೆಯ ಹುಲ್ಲು ಸೊಂಡಿಲಿಗೆ ಸುತ್ತಿಕೊಳ್ಳಲು ಸಿಗದಷ್ಟು ಗಿಡ್ಡ. ಆನೆ ಮುಂಗಾಲಿನ ಉಗುರುಗಳಿಂದ ನೆಲವನ್ನು ಒದ್ದು ಒದ್ದು ಹುಲ್ಲನ್ನು ಬೇರುಸಮೇತ ಸಡಿಲಿಸುತ್ತದೆ, ಸೊಂಡಿಲಿನಿಂದ ಗುಡಿಸಿ ಒಟ್ಟು ಮಾಡುತ್ತದೆ, ಆ ಕಂತೆಯನ್ನು ಕಾಲಿಗೆ ಬಡಿದು ಮಣ್ಣು ಉದುರಿಸಿ, ಆಮೇಲೆ ಬಾಯಿಗಿಡುತ್ತದೆ. ಮರಿಗಳಿಗೆ ಈ ಕೆಲಸ ಇನ್ನೂ ಕೈಗೂಡಿರುವುದಿಲ್ಲ. ತಾಯಿಯ ಪಕ್ಕದಲ್ಲೇ ನಿಂತು ಒದೆಯುತ್ತವೆ, ಹುಲ್ಲು ಬರುವುದಿಲ್ಲ, ಮತ್ತೆ ಒದೆಯುತ್ತವೆ. ಇದನ್ನು ನೋಡಲು ದುಡ್ಡು ಬೇಡ, ಸುಮ್ಮನೆ ಕುಳಿತಿರುವ ಅಭ್ಯಾಸ ಬೇಕು.

ಕಾರಾಪುರದ ಈ ವಸತಿಗಳಿಗೊಂದು ಚರಿತ್ರೆ ಇದೆ, ತಿಳಿದು ಹೋಗುವುದು ಒಳ್ಳೆಯದು. ಇದು ಕಾಕನಕೋಟೆ ಕಾಡು. ಮೈಸೂರು ಅರಸರು ಬೇಟೆಗೆ ಬಂದು ತಂಗುತ್ತಿದ್ದ, ಬಿಳಿಯ ಅತಿಥಿಗಳಿಗೆ ಖೆಡ್ಡಾ ತೋರಿಸುತ್ತಿದ್ದ ಸೀಮೆ. ಆನೆಗಳ ಹಿಂಡನ್ನು ನದಿಯೊಳಕ್ಕೆ ಅಟ್ಟಿ, ಮರದ ದಿಮ್ಮಿಗಳ ಆವರಣಕ್ಕೆ ನುಗ್ಗಿಸಿ ಹಿಡಿಯುವ ಆ ಕ್ರಮ 1971ರ ಖೆಡ್ಡಾದೊಂದಿಗೆ ಇಲ್ಲಿ ಕೊನೆಯಾಯಿತು. ಮುಂದಿನ ವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮಾಸ್ತಿಯವರ ‘ಕಾಕನಕೋಟೆ’ ನಾಟಕ, ಅದರಿಂದ ಸಿ.ಆರ್. ಸಿಂಹ 1977ರಲ್ಲಿ ಮಾಡಿದ ಸಿನಿಮಾ ಈ ನೆಲದವು. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಸಂಸ್ಥೆ ತನ್ನ ವಸತಿಯನ್ನು ಅರಸರ ಬೇಟೆಮನೆಗಳಿದ್ದ ಜಾಗದಲ್ಲೇ ತೆರೆಯಿತು. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ 2010ರಲ್ಲಿ ತೀರಿಕೊಳ್ಳುವವರೆಗೂ ಕಬಿನಿಯನ್ನೇ ಮನೆ ಮಾಡಿಕೊಂಡಿದ್ದರು. ಬಂದೂಕು ಹಿಡಿದು ಬರುತ್ತಿದ್ದ ಜಾಗಕ್ಕೆ ದುರ್ಬೀನು ಹಿಡಿದು ಬರುವ ರೂಢಿ ಕರ್ನಾಟಕದಲ್ಲಿ ಬೇರುಬಿಟ್ಟದ್ದು ಹೆಚ್ಚಾಗಿ ಇಲ್ಲಿಂದಲೇ.

ಈ ನೀರಿನಡಿ ಊರುಗಳಿವೆ ಎಂಬುದನ್ನೂ ಹೇಳಲೇಬೇಕು. ಪುನ್ನಾಟ ಅರಸರ ರಾಜಧಾನಿ ಕೀರ್ತಿಪುರ, ಇಂದಿನ ಕಿತ್ತೂರು, ಇದೇ ಕಪಿಲೆಯ ದಂಡೆಯದು. ಕಟ್ಟೆ ಎದ್ದಾಗ ಎಷ್ಟೋ ಹಳ್ಳಿಗಳವರು, ಜೇನುಕುರುಬರ ಹಾಡಿಗಳವರು ನೆಲ ಬಿಟ್ಟು ಎದ್ದರು. ಆಮೇಲೆ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಇನ್ನಷ್ಟು ಹಾಡಿಗಳು ಕಾಡಿನಿಂದ ಹೊರಗೆ ಬಂದವು. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಅಂಥ ಕುಟುಂಬಗಳ ಪುನರ್ವಸತಿ ಕೇಂದ್ರವಿದೆ. 1990ರ ದಶಕದಲ್ಲಿ ನಾಗರಹೊಳೆಯ ಒಳಗೇ ದೊಡ್ಡ ಖಾಸಗಿ ಹೋಟೆಲ್ ಏಳಲು ಹೊರಟಾಗ ಆದಿವಾಸಿಗಳು ಎದ್ದು ನಿಂತರು. 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ಇಲ್ಲಿನ ರೆಸಾರ್ಟುಗಳಲ್ಲಿ ನಿಮಗೆ ಊಟ ಬಡಿಸುವವರ, ದೋಣಿ ನಡೆಸುವವರ ಊರು ಯಾವುದೆಂದು ಕೇಳಿ ನೋಡಿ. ಅವರಿಗೆ ಮಾತನಾಡುವ ಮನಸ್ಸಿದ್ದರೆ ಯಾವ ಮಾಹಿತಿ ಫಲಕವೂ ಹೇಳದ ಸಂಗತಿ ತಿಳಿಯುತ್ತದೆ.

ಇನ್ನು ವ್ಯವಹಾರದ ಮಾತು. ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಹಂಪಾಪುರ, ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾಟಿದರೆ ಕಾರಾಪುರಕ್ಕೆ ದಾರಿ. ಅದೇ ರಸ್ತೆ ಮುಂದೆ ದಮ್ಮನಕಟ್ಟೆ, ಬಳ್ಳೆಯ ಮೂಲಕ ಕಾಡಿನೊಳಗೆ ಹೋಗುತ್ತದೆ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಬಳ್ಳೆ ಎಂದರೆ 2012ರಿಂದ 2019ರವರೆಗೆ ದಸರಾ ಅಂಬಾರಿ ಹೊತ್ತ ಆನೆ ಅರ್ಜುನ ಇದ್ದ ಶಿಬಿರ.

ಯಾವ ವಸತಿಯಲ್ಲಿ ಉಳಿದರೂ ಕಾಡಿನೊಳಕ್ಕೆ ಹೋಗುವುದು ಸರ್ಕಾರದ ವ್ಯವಸ್ಥೆಯ ವಾಹನದಲ್ಲೇ. ಹೆಚ್ಚು ಬಾಡಿಗೆ ಕೊಟ್ಟವರಿಗೆ ಬೇರೆ ಕಾಡು ಎಂಬುದಿಲ್ಲ. ಜೀಪಿನಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ಚುಕ್ಕೆ ಜಿಂಕೆ ಚುರುಕಾಗಿ ಕೂಗಿ ಸುಮ್ಮನಾದರೆ ಅಷ್ಟು ನೆಚ್ಚಬೇಕಿಲ್ಲ. ಕಡವೆ ಬಿಟ್ಟು ಬಿಟ್ಟು ಕೂಗುತ್ತಲೇ ಇದ್ದರೆ, ಮರದ ಮೇಲಿಂದ ಮುಸಿಯ ಕೆಮ್ಮಿದಂತೆ ದನಿ ಮಾಡಿದರೆ ಚಾಲಕ ಗಾಡಿ ನಿಲ್ಲಿಸುತ್ತಾರೆ. ಆಗ ಮಾತು ನಿಲ್ಲಲಿ. ಹುಲಿ ಬರದಿದ್ದರೆ ಮತ್ತಿ ಮರ ನೋಡಿ: ಮೊಸಳೆಯ ಬೆನ್ನಿನಂಥ ಅದರ ತೊಗಟೆ ಒಮ್ಮೆ ಗುರುತಾದರೆ ಮತ್ತೆ ಮರೆಯುವುದಿಲ್ಲ.

ನೀರು ಎಷ್ಟೇ ಶಾಂತವಾಗಿ ಕಂಡರೂ ಇಳಿಯಬೇಡಿ, ನಿಜವಾದ ಮೊಸಳೆಗಳಿವೆ. ಕತ್ತಲಾದ ಮೇಲೆ ಒಬ್ಬರೇ ಅಂಗಳ ದಾಟಬೇಡಿ. ಹಾಡು ಹಾಕಬೇಡಿ. ಬೇಲಿಯಾಚೆ ಹೊಲಗಳಲ್ಲಿ ಅಟ್ಟಣೆ ಕಂಡರೆ, ಬೆಳೆ ಕಾಯಲು ರೈತರು ಆನೆಗಳಿಗೆ ಎದುರಾಗಿ ರಾತ್ರಿಯಿಡೀ ಎಚ್ಚರ ಕೂರುವ ಜಾಗ ಅದು ಎಂದು ಮಕ್ಕಳಿಗೆ ತಿಳಿಸಿ.

ಮುಂಗಡ ಕಟ್ಟುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ಫೋನ್ ಮಾಡಿ ವಿಚಾರಿಸಿ. 2025ರ ನವೆಂಬರಿನಲ್ಲಿ, ಸರಗೂರು ಕಡೆ ರೈತರು ಹುಲಿ ದಾಳಿಗೆ ಬಲಿಯಾದಾಗ, ಸರ್ಕಾರ ನಾಗರಹೊಳೆ ಮತ್ತು ಬಂಡೀಪುರದ ಸಫಾರಿ ನಿಲ್ಲಿಸಿ ಆ ಸಿಬ್ಬಂದಿಯನ್ನು ಹಳ್ಳಿಗಳ ಕಾವಲಿಗೆ ಕಳುಹಿಸಿತು. ಅಂಥ ಆದೇಶ ಬಂದ ದಿನಗಳಲ್ಲಿ ಹೋಗಬೇಕಾಗಿ ಬಂದರೆ ಗೊಣಗದೆ ಜಗಲಿಯಲ್ಲೇ ಕುಳಿತುಕೊಳ್ಳಿ. ಬೇಸಿಗೆಯಾಗಿದ್ದರೆ ಆಚೆ ದಂಡೆಯ ಆನೆಗಳು ಅಲ್ಲಿಂದಲೇ ಕಾಣುತ್ತವೆ. ದುರ್ಬೀನು ಮರೆಯದೆ ತೆಗೆದುಕೊಂಡು ಹೋಗಿ.