ಸೂಪರ್‌ವೈಸರನ್ನೂ ಕರ್ಕೊಂಡು ಹೋಗು

ಮೂರು ದಿನ ಪೀಣ್ಯದ ಶೆಡ್ಡು ಬಿಟ್ಟು ಮ್ಯಾನೇಜ್‌ಮೆಂಟ್ ಟ್ರೈನಿಂಗ್‌ಗೆ ಹೋಗ್ಲಾ ಮಾವ ಅಂತ ನಿನ್ನೆ ಫೋನಲ್ಲಿ ಕೇಳಿದೆಯಲ್ಲ ಪುಟ್ಟಾ, ನಾನು ‘ಹೂಂ, ಹೋಗು’ ಅಂದುಬಿಟ್ಟೆ. ಮಲಗಿದ ಮೇಲೆ, ಅರ್ಧ ಮಾತು ಹೊಟ್ಟೆಯಲ್ಲೇ ಉಳೀತು ಅನ್ನಿಸ್ತು.

ಇಂಥದ್ದಕ್ಕೆ ನಾನೂ ಹೋಗಿದ್ದೋನೇ. ದಪ್ಪ ಫೈಲು, ಒಳ್ಳೇ ಊಟ, ಸರ್ಟಿಫಿಕೇಟು. ಫೈಲು ಅಟ್ಟದ ಮೇಲಿದೆ, ಸರ್ಟಿಫಿಕೇಟಿಗೆ ನಿಮ್ಮತ್ತೆ ಕಟ್ಟು ಹಾಕಿಸಿದ್ದಾಳೆ. ಶೆಡ್ಡಿಗೆ ಅಂತ ಬಂದದ್ದು ಗೋಡೆಯ ಮೇಲಿನ ಒಂದು ಹಲಗೆ, ಅಷ್ಟೇ. ಸ್ಪ್ಯಾನರು, ಸುತ್ತಿಗೆ, ಆಲನ್ ಕೀ, ಒಂದೊಂದರ ಆಕಾರನೂ ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದೆ. ಸಂಜೆ ಲೈಟ್ ಆರಿಸೋಕೆ ಮುಂಚೆ ಹಲಗೆ ಕಡೆ ಕಣ್ಣಾಡಿಸೋದು. ಬಿಳಿ ಗೆರೆಯೊಳಗೆ ಏನೂ ಇಲ್ಲದಿದ್ದರೆ ‘ಹದಿನೇಳರ ಸ್ಪ್ಯಾನರ್ ಯಾರ ಹತ್ರ ಇದೆ ಕಣ್ರೋ?’ ಅಂತ ಆಗಲೇ ಕೇಳೋದು. ಅಲ್ಲಿವರೆಗೂ ದಿನಾ ಬೆಳಗ್ಗೆ ಅರ್ಧ ಗಂಟೆ ಹುಡುಕಾಟಕ್ಕೇ ಹೋಗ್ತಿತ್ತು. ಲೇತ್ ನಿಂತಿರ್ತಿತ್ತು, ಸಂಬಳ ಓಡ್ತಿತ್ತು.

ಮುಂಬಯಿ ಹತ್ತಿರದ ಬಟ್ಟೆ ಮಿಲ್ಲುಗಳಲ್ಲಿ ನಿಕೊಲಸ್ ಬ್ಲೂಮ್ ಅನ್ನೋ ಅರ್ಥಶಾಸ್ತ್ರಜ್ಞ, ಅವನ ಜೊತೆಗಾರರು ಇಂಥ ಶಿಸ್ತಿನಿಂದ ಲಾಭ ಇದೆಯಾ ಅಂತಲೇ ಪರೀಕ್ಷೆ ಮಾಡಿ 2013ರಲ್ಲಿ ಬರೆದರು. ನಿನ್ನ ಶೆಡ್ಡಿಗಿಂತ ಬಲು ದೊಡ್ಡವು ಅವು, ಇರಲಿ. ಅವರು ಕಳಿಸಿದ ಸಲಹೆಗಾರರು ಬೋರ್ಡಿನ ಮುಂದೆ ನಿಂತು ಪಾಠ ಹೇಳಲಿಲ್ಲ. ತಿಂಗಳುಗಟ್ಟಲೆ ಮಿಲ್ಲಿನೊಳಗೇ ಓಡಾಡಿ ಕಸ ತೆಗೆಸಿದರು, ನೂಲಿನ ದಾಸ್ತಾನಿಗೆ ಲೆಕ್ಕ ಇಡಿಸಿದರು, ಮಗ್ಗ ಕೆಡೋಕೆ ಮುಂಚೆ ನೋಡಿಕೊಳ್ಳೋದು ರೂಢಿ ಮಾಡಿಸಿದರು. ಮೊದಲ ವರ್ಷವೇ ಉತ್ಪಾದಕತೆ 17 ಪರ್ಸೆಂಟ್ ಏರಿತು. ಎಂಟೊಂಬತ್ತು ವರ್ಷ ಬಿಟ್ಟು ಹೋಗಿ ನೋಡಿದರೆ, ಕಲಿಸಿದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಕೈಬಿಟ್ಟಿದ್ದರಂತೆ. ಮ್ಯಾನೇಜರು ಬದಲಾದ ಕಡೆ, ಮಾಲೀಕರಿಗೆ ಪುರುಸೊತ್ತಿಲ್ಲದ ಕಡೆ ಹೀಗಾಗಿತ್ತು.

ಅದಕ್ಕೇ ಹೇಳ್ತೀನಿ, ಒಬ್ಬನೇ ಹೋಗಬೇಡ. ಸೂಪರ್‌ವೈಸರನ್ನೂ ಕರ್ಕೊಂಡು ಹೋಗು. ಮೂರು ದಿನ ಕೆಲಸ ಕುಂಟುತ್ತೆ, ಕುಂಟಲಿ. ನೀನು ಕಲಿತು ಬಂದು ಅವನಿಗೆ ಹೇಳಿದರೆ ‘ಸಾರ್ ಎಲ್ಲೋ ಹೋಗಿ ಬಂದ್ರು, ಒಂದು ವಾರ ಹಿಂಗೇ’ ಅಂತ ಹುಡುಗರ ಮುಂದೆ ನಗ್ತಾನೆ. ನನ್ನ ಸೂಪರ್‌ವೈಸರೂ ನಕ್ಕಿದ್ದ.

ಅಲ್ಲಿ ಅಕೌಂಟ್ಸ್ ಪಾಠ ತಲೆಗೆ ಹತ್ತದಿದ್ದರೆ ಬೇಜಾರಾಗಬೇಡ. ಡೊಮಿನಿಕನ್ ಗಣರಾಜ್ಯದಲ್ಲಿ ಸಣ್ಣ ವ್ಯಾಪಾರಿಗಳಿಗೆ ಎರಡು ಥರ ಕಲಿಸಿ ನೋಡಿದರು. ಪೂರ್ತಿ ಲೆಕ್ಕಶಾಸ್ತ್ರ ಕಲಿತವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಮನೆ ದುಡ್ಡು, ಅಂಗಡಿ ದುಡ್ಡು ಬೇರೆ ಬೇರೆ ಡ್ರಾಯರಲ್ಲಿ ಇಡಿ ಅನ್ನೋ ಥರದ ಸುಲಭ ಸೂತ್ರ ಕಲಿತವರ ಲೆಕ್ಕ ಸುಧಾರಿಸಿತು. ನಿನಗೆ ಡ್ರಾಯರ್ ಎಲ್ಲಿದೆ? ಮಗಳ ಸ್ಕೂಲ್ ಫೀಸು, ಲೇತಿನ ಇನ್ಸರ್ಟ್ ಬಿಲ್ಲು, ಭಾನುವಾರದ ಮಟನ್ನು, ಎಲ್ಲಾ ಒಂದೇ ಫೋನ್‌ಪೇ. ಟ್ರೈನಿಂಗ್‌ಗೆ ಹೋಗೋಕೆ ಮುಂಚೆನೇ ಶೆಡ್ಡಿಗೆ ಬೇರೆ ಖಾತೆ ಮಾಡಿಸು.

ಹಾಂ, ಆ ಹಲಗೆ ಹಳೇ ಶೆಡ್ಡಲ್ಲಿ ಹಾಗೇ ಇದೆ. ಬೇಕಾದರೆ ಟೆಂಪೋದಲ್ಲಿ ಕಳಿಸ್ತೀನಿ.