ಹಿತ್ತಲ ಸೊಪ್ಪು, ಹುಳಿ ಅಂಬಲಿ

ನಾಲ್ಕು ಕೊಡ ನೀರು ಹೊತ್ತರೆ ಏದುಸಿರು. ಕೂತು ಎದ್ದರೆ ತಲೆಸುತ್ತು. ಯಾವಾಗಲೂ ಸುಸ್ತು. "ಹೆಂಗಸರಿಗೆ ಇದೆಲ್ಲಾ ಇದ್ದದ್ದೇ" ಅಂತ ನಾವು ಸುಮ್ಮನಾಗುತ್ತೇವೆ. ಇದು ಇದ್ದದ್ದೇ ಅಲ್ಲ. ಇದು ರಕ್ತಹೀನತೆ ಇರಬಹುದು.

2019-21ರಲ್ಲಿ ದೇಶದ ಎಲ್ಲ ಕಡೆ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ರಕ್ತ ಕಡಿಮೆ ಇದ್ದರೆ ಹೆರಿಗೆಯಲ್ಲಿ ತಾಯಿಯ ಜೀವಕ್ಕೇ ಅಪಾಯ.

ರಕ್ತ ಆಗಲು ಕಬ್ಬಿಣದ ಅಂಶ ಬೇಕು. ಅದು ಸೊಪ್ಪಿನಲ್ಲಿದೆ. ಕಾಳಿನಲ್ಲಿದೆ. ರಾಗಿಯಲ್ಲೂ ಇದೆ.

ಸೊಪ್ಪಿನ ಮಡಿ

"ಹಿತ್ತಲ ಗಿಡ ಮದ್ದಲ್ಲ" ಅಂತ ಗಾದೆ ಇದೆ. ನಾವು ಅದನ್ನು ಸುಳ್ಳು ಮಾಡೋಣ.

ಬಿಸಿಲು ಬೀಳುವ ಕಡೆ 6 ಅಡಿ ಉದ್ದ, 3 ಅಡಿ ಅಗಲದ ಮಡಿ ಮಾಡೋಣ. ಮಣ್ಣಿಗೆ ಹಳೆಯ ತಿಪ್ಪೆಗೊಬ್ಬರ ಬೆರೆಸೋಣ. ಅರ್ಧ ಮಡಿಗೆ ಮೆಂತ್ಯ ಹಾಕೋಣ. ಅಡುಗೆಮನೆ ಡಬ್ಬಿಯ ಮೆಂತ್ಯವೇ ಬೀಜ. ಇನ್ನರ್ಧಕ್ಕೆ ದಂಟು. ದಂಟಿನ ಬೀಜ ಬಲು ಸಣ್ಣದು. ಮರಳು ಬೆರೆಸಿ ಚೆಲ್ಲಿದರೆ ಒಂದೇ ಕಡೆ ಬೀಳುವುದಿಲ್ಲ. ಸುಮಾರು ಒಂದು ತಿಂಗಳಿಗೆ ಸೊಪ್ಪು ಕೈಗೆ ಬರುತ್ತದೆ. ಬೇಲಿ ಪಕ್ಕ ಒಂದು ನುಗ್ಗೆ ಕೊಂಬೆ ನೆಟ್ಟರೆ ವರ್ಷವಿಡೀ ಸೊಪ್ಪು.

ಹಿತ್ತಲು ಇಲ್ಲವೇ? ಹಳೇ ಬಕೆಟಿನ ತಳಕ್ಕೆ ತೂತು ಮಾಡಿ ಮಣ್ಣು ತುಂಬಿ. ಅದರಲ್ಲೂ ಮೆಂತ್ಯ ಬರುತ್ತದೆ.

ನೀರು ಎಲ್ಲಿಂದ? ಅಕ್ಕಿ, ತರಕಾರಿ ತೊಳೆದ ನೀರು ಸೊಪ್ಪಿಗೆ. ಬಚ್ಚಲ ಸೋಪಿನ ನೀರು ಸೊಪ್ಪಿಗೆ ಬೇಡ. ಅದನ್ನು ಬಾಳೆ, ತೆಂಗಿಗೆ ಬಿಡೋಣ.

ಹುಳಿ ಅಂಬಲಿ

ರಾಗಿಯಲ್ಲಿ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುವ ಒಂದು ವಸ್ತುವೂ ಇದೆ. ಹಿಟ್ಟು ಹುಳಿ ಬಂದಾಗ ಆ ಹಿಡಿತ ಸಡಿಲ ಆಗುತ್ತದೆ. ತಿಂದದ್ದು ಮೈಗೆ ಹತ್ತುತ್ತದೆ. ನಮ್ಮ ಅಜ್ಜಿಯಂದಿರು ಹಿಟ್ಟು ನೆನೆಹಾಕುತ್ತಿದ್ದುದು ಸುಮ್ಮನೆ ಅಲ್ಲ.

1. ರಾತ್ರಿ 1 ಲೋಟ ರಾಗಿ ಹಿಟ್ಟಿಗೆ 2 ಲೋಟ ನೀರು ಹಾಕಿ ಗಂಟಿಲ್ಲದಂತೆ ಕಲಸಿ. ಮಣ್ಣಿನ ಇಲ್ಲವೇ ಸ್ಟೀಲ್ ಪಾತ್ರೆ ಇರಲಿ.
2. ಬಟ್ಟೆ ಮುಚ್ಚಿ ಬೆಳಗಿನ ತನಕ ಇಡಿ. ಹುಳಿ ವಾಸನೆ ಬರಬೇಕು.
3. ಬೆಳಿಗ್ಗೆ 4 ಲೋಟ ನೀರು ಕುದಿಸಿ. ಹಿಟ್ಟು ಸುರಿದು ತಿರುವುತ್ತಾ ಚೆನ್ನಾಗಿ ಬೇಯಿಸಿ.
4. ಉಪ್ಪು ಹಾಕಿ ಆರಿಸಿ. ಈರುಳ್ಳಿ, ನಿಂಬೆರಸ ಬೆರೆಸಿ ಕುಡಿಯಿರಿ.

ಹಿಟ್ಟಿನ ಮೇಲೆ ಬೂಷ್ಟು ಕಂಡರೆ ಪೂರ್ತಿ ಚೆಲ್ಲಿ.

ನಿಂಬೆ ಕಬ್ಬಿಣದ ಅಂಶವನ್ನು ಮೈಗೆ ಸೇರಿಸುತ್ತದೆ. ಟೀ ತಡೆಯುತ್ತದೆ. ಅದಕ್ಕೇ ಊಟವಾಗಿ ಒಂದು ಗಂಟೆ ಕಳೆದ ಮೇಲೆ ಟೀ ಕುಡಿಯೋಣ.

ನಮ್ಮ ಪಾಲು

ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರು ನಾವು. ಅಷ್ಟರಲ್ಲಿ ಪಲ್ಯದ ಪಾತ್ರೆ ಖಾಲಿ. ಬೆಳೆದ ಸೊಪ್ಪು ನಮ್ಮ ತಟ್ಟೆಗೆ ಬರದಿದ್ದರೆ ನಮಗೆ ರಕ್ತ ಆಗುವುದಾದರೂ ಹೇಗೆ? ಬಡಿಸುವ ಮೊದಲೇ ನಮ್ಮ ಪಾಲು ತೆಗೆದಿಡೋಣ. ಮಗಳ ಪಾಲನ್ನೂ ತೆಗೆದಿಡೋಣ.

ಸುಸ್ತು ಹೆಚ್ಚಿದ್ದರೆ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸೋಣ. ಅವರು ಕೊಟ್ಟ ಕಬ್ಬಿಣದ ಮಾತ್ರೆ ಬಿಡುವುದು ಬೇಡ. ಅಂಬಲಿ, ಸೊಪ್ಪು ಮಾತ್ರೆಯ ಜೊತೆಗೆ. ಮಾತ್ರೆಯ ಬದಲಿಗೆ ಅಲ್ಲ.

ಮಾತಾಡೋಣ, ಬರೆಯೋಣ

1. ನಿನ್ನೆ ನಿಮ್ಮ ಮನೆಯಲ್ಲಿ ಕೊನೆಗೆ ಉಂಡವರು ಯಾರು? ಅವರ ತಟ್ಟೆಯಲ್ಲಿ ಏನೇನು ಇತ್ತು?
2. ನಿಮ್ಮ ಊರಿನಲ್ಲಿ ಸಿಗುವ 5 ಸೊಪ್ಪುಗಳ ಹೆಸರು ಬರೆಯಿರಿ.