ವಿಟೆಕ್ ತಗೊಳ್ಳಲೋ, ಬಿಎಂಡಬ್ಲ್ಯು ತರಲೋ?

ಪ್ರಶ್ನೆ: ಮನಿ ಮುಂದ ಒಂದ ಕಾರಿಗೆ ಜಾಗಾ ಐತ್ರಿ. ಎರಡು ನೋಡೇನಿ. ಒಂದು 2002ರ ಹೋಂಡಾ ಸಿಟಿ 1.5 ವಿಟೆಕ್, ಇಲ್ಲೇ ಕೆಎ-25 ನಂಬರಿನದು. ಇನ್ನೊಂದು 2008ರ ಬಿಎಂಡಬ್ಲ್ಯು 325ಐ, ಗೋವಾದ್ದು. ಭಾನುವಾರ ಹೊಡಿಯಾಕ, ಹಂಗ ಇಟ್ಟು ಬೆಳಸಾಕ. ಜಪಾನಿಂದು ಚಲೋನೋ, ಜರ್ಮನಿದು ಚಲೋನೋ?
– ಓದುಗರೊಬ್ಬರು, ಕೇಶ್ವಾಪುರ

ಉತ್ತರ: ವಿಟೆಕ್ ತಗೊಳ್ಳಿ.

ಓಡಿಸುವ ಸುಖ ಬಿಎಂಡಬ್ಲ್ಯುನಲ್ಲೇ ಹೆಚ್ಚು. ಸಾಲಾಗಿ ಆರು ಸಿಲಿಂಡರ್, 2.5 ಲೀಟರ್, 218 ಅಶ್ವಶಕ್ತಿ, ಹಿಂದಿನ ಗಾಲಿಗಳಿಗೆ ಶಕ್ತಿ. ಧಾರವಾಡ ದಾಟಿ ಬೆಳಗಾವಿ ಕಡೆ ಹೊರಟರೆ ಸಿಟಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಇಟ್ಟು ಸಾಕುವ ಲೆಕ್ಕವೇ ಬೇರೆ. ಆ ಎಂಜಿನ್ನಿನ ವಾಟರ್ ಪಂಪ್ ವಿದ್ಯುತ್ತಿನಿಂದ ತಿರುಗುವಂಥದ್ದು. ಕೆಡುವ ಮುನ್ನ ಸುಳಿವು ಕೊಡುವುದು ಕಡಿಮೆ. ವಾಲ್ವ್ ಕವರ್ ಗ್ಯಾಸ್ಕೆಟ್ ಗಟ್ಟಿಯಾಗಿ ಆಯಿಲ್ ಜಿನುಗುತ್ತದೆ. ರನ್‌ಫ್ಲ್ಯಾಟ್ ಟಯರ್ ಇರುವ ಗಾಡಿಯಾದರೆ ಸ್ಟೆಪ್ನಿಯೂ ಇರಲಿಕ್ಕಿಲ್ಲ. ನಮ್ಮ ಗುಂಡಿಗಳನ್ನು ನೆನೆದು ನೀವೇ ಯೋಚಿಸಿ. ದೋಷ ಓದುವ ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಅದರ ಬಾನೆಟ್ ತೆಗೆಸಲೇಬೇಡಿ.

ಸಿಟಿಯ ಕಥೆ ನೋಡಿ. 2003ರಲ್ಲಿ ಹೊಸ ರೂಪ ಬಂದಾಗ ಹೋಂಡಾ ಮೈಲೇಜಿಗೆ ಒಲಿದು 77 ಅಶ್ವಶಕ್ತಿಯ ಎಂಜಿನ್ ಇಟ್ಟಿತು. ಹಳೆಯ ವಿಟೆಕ್‌ಗಿದ್ದದ್ದು 106. ಅದಕ್ಕೆ ಕಿಮ್ಮತ್ತು ಬಂದದ್ದು ಆಗ. ರ್‍ಯಾಲಿ ಹುಚ್ಚಿನವರು ಸಿಕ್ಕಸಿಕ್ಕದ್ದನ್ನೆಲ್ಲ ಕೊಂಡು ಸೈಲೆನ್ಸರ್ ಬದಲಿಸಿ, ಸ್ಪ್ರಿಂಗ್ ಕತ್ತರಿಸಿ ಹಾಳುಗೆಡವಿದರು. ಹಾಗಾಗಿ ಕಂಪನಿಯಿಂದ ಬಂದಂತೆಯೇ ಉಳಿದ ಗಾಡಿ ಅಪರೂಪ. ನೀವು ನೋಡಿದ್ದು ಅಂಥದ್ದೋ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಅಲ್ಲದಿದ್ದರೆ ನನ್ನ ಸಲಹೆ ವಾಪಸ್. ಟೈಮಿಂಗ್ ಬೆಲ್ಟ್ ಬದಲಿಸಿದ ರಸೀದಿ ಕೇಳಿ. ಓಡಿದ್ದು ಕಡಿಮೆ ಎಂಬ ಮಾತು ಬೆಲ್ಟಿಗೆ ಅನ್ವಯಿಸದು, ರಬ್ಬರು ನಿಂತಲ್ಲೇ ಮುದಿಯಾಗುತ್ತದೆ.

ಗೋವಾದ ಗಾಡಿ ಅಂದಿರಿ. ಹುಬ್ಬಳ್ಳಿಯ ಧೂಳು ಬಣ್ಣ ಕೆಡಿಸೀತು, ಕಡಲ ಗಾಳಿ ತಗಡನ್ನೇ ತಿನ್ನುತ್ತದೆ. ಜಾಕ್ ಹಚ್ಚುವ ಜಾಗದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಮಣ್ಣಿನ ಗೆರೆ ಕಂಡರೆ ಆ ಕಾರು ನೀರಲ್ಲಿ ಮುಳುಗಿತ್ತು ಅಂತಲೇ ಲೆಕ್ಕ.

ಎರಡಕ್ಕೂ 15 ವರ್ಷ ತುಂಬಿದೆ. ಆರ್‌ಸಿ ನವೀಕರಣ ಆಗಿದೆಯೇ ನೋಡಿ, ಮುಂದೆ ಐದು ವರ್ಷಕ್ಕೊಮ್ಮೆ ಅದೇ ಓಡಾಟ. ಗೋವಾದ್ದಕ್ಕೆ ಎನ್‌ಒಸಿ, ಇಲ್ಲಿನ ಜೀವಾವಧಿ ತೆರಿಗೆ ಬೇರೆ. ‘ವಿಂಟೇಜ್’ ನೋಂದಣಿಯ ಆಸೆ ತೋರಿಸುವ ದಲಾಲರನ್ನು ನಂಬಬೇಡಿ. 2021ರ ನಿಯಮದಂತೆ ಅದಕ್ಕೆ 50 ವರ್ಷ ತುಂಬಬೇಕು, ನಿಮ್ಮ ಸಿಟಿಗೆ ಅದು 2052ರಲ್ಲಿ.

ಜರ್ಮನಿಯದೇ ಬೇಕೆಂಬ ಹಟವಿದ್ದರೆ, 1995ರಿಂದ ಪುಣೆಯಲ್ಲಿ ಜೋಡಿಸಿದ ಮರ್ಸಿಡಿಸ್ ಡಬ್ಲ್ಯು124 ಹುಡುಕಿ. ಓಟದ ಕುದುರೆಯಲ್ಲ, ಆದರೆ ಡೀಸೆಲ್ ಮಾದರಿಯನ್ನು ನುರಿತ ಹಳೆ ಮೇಸ್ತ್ರಿಯೊಬ್ಬ ಸಂಭಾಳಿಸಬಲ್ಲ.

ಪ್ರಶ್ನೆ: ಹಳೆ ಪೆಟ್ರೋಲ್ ಕಾರನ್ನು ತಿಂಗಳುಗಟ್ಟಲೆ ಶೆಡ್ಡಿನಲ್ಲಿಟ್ಟರೆ ನಡೆಯುತ್ತದೆಯೇ?
– ಕುಸುಗಲ್ ರಸ್ತೆಯ ಓದುಗರು

ಉತ್ತರ: ನಡೆಯುತ್ತದೆ, ಕಷ್ಟದಲ್ಲಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ನೀರು ಹೀರುತ್ತದೆ, ಹಳೆ ರಬ್ಬರ್ ಪೈಪುಗಳಿಗೂ ಒಳ್ಳೆಯದಲ್ಲ. ಪೈಪುಗಳನ್ನು ಹೊಸ ಇಂಧನ ತಾಳುವಂಥವಕ್ಕೆ ಬದಲಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟು ಗಾಲಿಗೆ ಅಡ್ಡ ಕಲ್ಲಿಡಿ. ಬ್ಯಾಟರಿ ಕಳಚಿಡಿ. ವಾರ ಹದಿನೈದು ದಿನಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ನಿಂತಲ್ಲೇ ಬಂದ್ ಮಾಡುವ ಬದಲು ಗದಗ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ತನ್ನಿ. ಇಲಿ ಬೋನು ಮಾತ್ರ ಇವತ್ತೇ ಇಡಿ.